ಮೇಷ್ಟ್ರು ಇಣುಕಿದ್ದು

"ಆ ಮೂರು ಗೆಲಾಕ್ಸಿ ಕಿತ್ತು ಹಾಕಮ್ಮ. ಸಂಖ್ಯೆ ಇಳಿದು ಸರಿಯಾದ ಜಾಗಕ್ಕೆ ಬಂದು ಕೂರುತ್ತೆ," ಎಂದರು ಮೇಷ್ಟ್ರು, ಬಾಯಿತುಂಬ ಕೇಕು ಇಟ್ಟುಕೊಂಡೇ.

ಸಂಶೋಧಕಿಯ ಕೈ ಮೌಸಿನ ಮೇಲೇ ನಿಂತಿತು.

ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂದು ಅಳೆಯುವುದು ಆ ಕೋಣೆಯ ಕೆಲಸ. ಹೊಳೆದು ಮಂಕಾಗುತ್ತ, ಮತ್ತೆ ಹೊಳೆಯುವ ನಕ್ಷತ್ರಗಳಿಂದ ಗೆಲಾಕ್ಸಿಯ ದೂರ ತಿಳಿಯಬೇಕು. ಬೆಳಕು ಎಷ್ಟು ಕೆಂಪಾಗಿದೆ ಎಂಬುದರಿಂದ ಅದು ಓಡುವ ವೇಗ. ಮನುಷ್ಯ ತನಗೆ ಬೇಕಾದ ಉತ್ತರವನ್ನೇ ಹುಡುಕಿಕೊಳ್ಳುವ ಪ್ರಾಣಿ ಎಂದು ಆ ಕೋಣೆಯವರೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಕೆಲಸ ಮುಗಿಯುವ ತನಕ ಕಂಪ್ಯೂಟರು ನಿಜವಾದ ಉತ್ತರಕ್ಕೆ ಯಾರಿಗೂ ಗೊತ್ತಿಲ್ಲದ ಒಂದು ಸಂಖ್ಯೆ ಸೇರಿಸಿಯೇ ತೋರಿಸುತ್ತಿತ್ತು. ನಿಜದ್ದನ್ನು ಎಲ್ಲರೂ ಕೂತು ಒಟ್ಟಿಗೆ ತೆರೆಯಬೇಕು. ಅದು ಇವತ್ತು ಮಧ್ಯಾಹ್ನ. ಅದಕ್ಕೇ ಕೇಕು.

"ಯಾವ ಜಾಗಕ್ಕೆ ಸಾರ್? ಇನ್ನೂ ತೆರೆದೇ ಇಲ್ವಲ್ಲ."

ಮೇಷ್ಟ್ರ ದವಡೆ ನಿಂತಿತು. ಮತ್ತೆ ಆಡಿತು.

"ಒಂದ್ಸಲ ಇಣುಕಿದೆ, ಅಷ್ಟೇ. ನೀರು ಕಾದಿದೆಯಾ ಅಂತ ಬೆರಳದ್ದಿ ನೋಡಲ್ವಾ, ಹಾಗೆ." ಮೀಸೆಗೆ ಹತ್ತಿದ ಕೆನೆಯನ್ನು ನಾಲಿಗೆಯಿಂದಲೇ ಒರೆಸಿಕೊಂಡರು. "ಅಲ್ಲಿ ಧೂಳು ಜಾಸ್ತಿ, ಬೆಳಕು ನಂಬೋಕಾಗಲ್ಲ ಅಂತ ಬರೆದುಬಿಡು."

"ಧೂಳಿನ ಲೆಕ್ಕ ನಾನೇ ಕಳೆದಿದ್ದೀನಿ ಸಾರ್. ಅವು ಮೂರೂ ಚೆನ್ನಾಗಿವೆ."

"ನಿನ್ನ ಕೆಲಸ ಖಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲಿದೆ. ಈ ಪ್ರಬಂಧ ಅಚ್ಚಿಗೆ ಹೋದ ದಿನ ಸಹಿ. ನಿನಗಿಂತ ನಿಮ್ಮತ್ತೆಗೇ ಅವಸರ ಅಂತಿದ್ದೆಯಲ್ಲ?" ನಕ್ಕಾಗ ಕೇಕಿನ ಚೂರೊಂದು ಅವಳ ತೋಳಿನ ಮೇಲೆ ಬಿತ್ತು.

ಅವಳು ಪಕ್ಕದ ಮೇಜಿನ ಸಹೋದ್ಯೋಗಿಯ ಕಡೆ ತಿರುಗಿದಳು. ಎಲ್ಲರೂ ಪಂಡಿತ ಎಂದು ಕರೆಯುವ ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಸುಮ್ನಿರೇ ತಾಯಿ. ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದ್ದು, ಬಂದು ನಿನ್ನ ಜುಟ್ಟು ಹಿಡಿಯುತ್ತಾ? ನಾನೂ ನನ್ನ ಪಾಲಿನ ಎರಡು ತೆಗೆದಾಯ್ತು."

ಹಾಗಾದರೆ ಇವನಿಗೂ ಗೊತ್ತಿತ್ತು. ಮೇಷ್ಟ್ರ ಬಾಯಿಗಿಂತ ಈ ಬಗ್ಗಿದ ತಲೆಯನ್ನು ನೋಡುವುದೇ ಅವಳಿಗೆ ಹೇಸಿಗೆಯಾಯಿತು. ತೋಳನ್ನು ಕೊಡವಿಕೊಂಡಳು.

"ನನ್ನ ಹೆಸರು ತೆಗೀರಿ ಸಾರ್."

"ಮತ್ತೆ ಖಾಯಮ್ಮು?"

"ಅದನ್ನೂ ನೀವೇ ತಿಂದ್ಕೊಳ್ಳಿ."

ಮೇಷ್ಟ್ರು ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡು, ಪ್ರಬಂಧದ ಮೊದಲ ಪುಟ ತೆರೆದು, ಅವಳ ಹೆಸರಿನ ಒಂದೊಂದೇ ಅಕ್ಷರ ಅಳಿಸತೊಡಗಿದರು. ಪಂಡಿತ ಈಗ ಅಗಿಯುತ್ತಿರಲಿಲ್ಲ.

ಅವನ ಹೆಸರಿಗೂ ಮುಂದಿನವರ ಹೆಸರಿಗೂ ನಡುವೆ ಎರಡು ಅಲ್ಪವಿರಾಮಗಳು ಅಕ್ಕಪಕ್ಕ ಉಳಿದವು. ಅವುಗಳ ಮಧ್ಯೆ ಕರ್ಸರಿನ ಸಣ್ಣ ಗೆರೆ ಮಿನುಗುತ್ತಿತ್ತು.