ಮಣಿಕಟ್ಟಿನ ಬಿಳಿ ಪಟ್ಟಿ

ಬೆರಳಗಲದ ಬಿಳಿ ಪಟ್ಟಿ, ಎಡಗೈ ಮಣಿಕಟ್ಟಿನ ಸುತ್ತ, ಬೆಳಿಗ್ಗೆ ಹೆಂಡತಿ ಊಟದ ಡಬ್ಬಿ ಕೊಡಲು ಕೈ ಚಾಚಿದಾಗ ಕಂಡದ್ದು, ಕೈಯೆಲ್ಲ ಬಿಸಿಲಿಗೆ ಕಪ್ಪಾಗಿ ಅಷ್ಟು ಜಾಗ ಮಾತ್ರ ಬೆಳ್ಳಗೆ, ವಾಚು ಕಟ್ಟಿದವರ ಕೈಯ ಹಾಗೆ — ಆದರೆ ಅವಳು ವಾಚು ಕಟ್ಟುವವಳೇ ಅಲ್ಲ, ಎಂದುಕೊಳ್ಳುತ್ತ ಮೇಸ್ತ್ರಿ ಸ್ಪ್ಯಾನರನ್ನು ಯಾವ ನಟ್ಟಿಗೆ ಹಾಕಿದ್ದೆನೆಂಬುದನ್ನೇ ಮರೆತು ಮತ್ತೆ ತಡಕಾಡಿದ. ದಂಡೆಯ ಟಿಕೆಟ್ ಕೌಂಟರಿನ ನೆರಳಲ್ಲಿ ಕೂರುವವಳ ಕೈ ಕಪ್ಪಾಗುವುದಾದರೂ ಹೇಗೆ, ಏನೇ ಇದು ಎಂದರೆ ಬಿಸಿಲು ಕಣ್ರೀ ಇನ್ನೇನು ಅಂದಳು, ನಕ್ಕಳು, ಆ ನಗುವೊಂದು ಬೇರೆ ಕೇಡು. ಎದುರಿಗೆ ಶೆಡ್ಡಿನ ಸ್ಟ್ಯಾಂಡಿನ ಮೇಲೆ, ನೀರಲ್ಲಿ ಓಡುವ ಹಳದಿ ವಾಟರ್ ಸ್ಕೂಟರ್, ಗುಂಡಿ ಒತ್ತಿದರೆ ಜಪ್ಪಯ್ಯ ಅಂದರೂ ಉಸಿರಿಲ್ಲ, ನಿನ್ನೆ ಸಂಜೆ ತನಕ ಚೆನ್ನಾಗೇ ಓಡ್ತಿತ್ತು ಮೇಸ್ತ್ರೀ, ಬೆಳಿಗ್ಗೆ ನೋಡಿದ್ರೆ ಹಿಂಗೆ, ಎಂದು ತಳ್ಳಿಕೊಂಡು ಬಂದ ಟ್ರೈನರ್ ಇನ್ನೂ ಬಾಗಿಲಿಗೆ ಒರಗಿದ್ದಾನೆ, ದುಡ್ಡು ಕೊಟ್ಟವರಿಗೆಲ್ಲ ಗಾಡಿ ಓಡಿಸಲು ಕಲಿಸುವವನು, ಒದ್ದೆ ಕೂದಲು, ಅಗಲವಾದ ಭುಜ, ಸದಾ ಕಿರಿದುಕೊಂಡೇ ಇರುವ ಹಲ್ಲು. ನಿನ್ನೆ ಸಂಜೆ ತನಕ. ನಿನ್ನೆ ಸಂಜೆ ಅವಳು ಮನೆಗೆ ತಡವಾಗಿ ಬಂದಳು, ಲೆಕ್ಕ ತಾಳೆಯಾಗಲಿಲ್ಲ ರೀ ಅಂದಳು, ಜಡೆ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಖ ತೊಳೆದೆ ಅಂದಳು, ಮುಖ ತೊಳೆದರೆ ಜಡೆಯ ತುದಿ ನೆನೆಯುತ್ತದೆಯೇ?

ಬ್ಯಾಟರಿ ನೋಡಿದ್ದಾಯಿತು, ಚೆನ್ನಾಗಿದೆ, ಫ್ಯೂಸ್ ಸುಟ್ಟಿಲ್ಲ, ವೈರುಗಳ ಕಿಲುಬೊರೆಸಿ ಮತ್ತೆ ಬಿಗಿದದ್ದಾಯಿತು, ಪ್ಲಗ್ಗನ್ನೂ ಬಿಚ್ಚಿ ಬಟ್ಟೆಯಲ್ಲಿ ಉಜ್ಜುತ್ತಿದ್ದಾನೆ — ಸ್ಟಾರ್ಟರೇ ತಿರುಗದ ಗಾಡಿಯ ಪ್ಲಗ್ ಯಾಕೆ ಬಿಚ್ಚಿದೆಯೋ ಮಹಾನುಭಾವ, ತಲೆ ಎಲ್ಲಿದೆ ನಿನಗೆ — ತಲೆ ಕೌಂಟರಿನ ಹತ್ತಿರ ಇದೆ, ಈ ಟ್ರೈನರ್ ಅಲ್ಲಿಗೆ ಹೋಗಿ ಅಕ್ಕಾ ಚಿಲ್ಲರೆ ಇದ್ಯಾ ಎನ್ನುವ ಕಡೆ ಇದೆ, ಅಕ್ಕ ಅಂತ ಕರೆದುಬಿಟ್ಟರೆ ಆಗಿಹೋಯಿತೇ, ಅಕ್ಕ ಎನ್ನುವವನಿಗೆ ದಿನಕ್ಕೆ ಅಷ್ಟು ಸಲ ಚಿಲ್ಲರೆ ಯಾಕೆ ಬೇಕು, ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿಟ್ಟ ಹಾಗೆ. ನಂಗೂ ಒಂದ್ಸಲ ಓಡಿಸೋದು ಕಲ್ಸಿ ರೀ ಅಂದಿದ್ದಳು, ಮದುವೆಯಾದ ಹೊಸತರಲ್ಲಿ, ಆಮೇಲೆ ಒಮ್ಮೆ, ಆಮೇಲೂ ಒಮ್ಮೆ, ಇದು ನಿನ್ನ ಕೈಗೆ ಬಗ್ಗೋ ಗಾಡಿ ಅಲ್ಲ ಕಣೇ ಎಂದು ದೊಡ್ಡ ಮನುಷ್ಯನಂತೆ ಹೇಳಿದ್ದ. ಯಾರ ಕೈಗೆ ಬಗ್ಗುವುದಿಲ್ಲವೆಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಇಡೀ ದಂಡೆಯ ಗಾಡಿಗಳಿಗೆ ಜೀವ ಕೊಡುವ ಮೇಸ್ತ್ರಿ ನೀರಿಗಿಳಿಯುವುದು ಮೊಣಕಾಲಿನ ತನಕ ಮಾತ್ರ, ಆಮೇಲೆ ಎದೆ ಡವಗುಟ್ಟುತ್ತದೆ, ಕಿವಿ ಮುಚ್ಚುತ್ತದೆ, ರಿಪೇರಿ ಸರಿಯಾಯಿತೋ ಎಂದು ನೋಡುವುದೂ ಶೆಡ್ಡಿನಲ್ಲೇ, ಪೈಪಿನ ನೀರು ಬಿಟ್ಟು. ಆ ಗುಟ್ಟನ್ನು ಅವಳು ಯಾರಿಗೂ ಹೇಳಿಲ್ಲ. ಈ ಟ್ರೈನರಿಗೆ ಹೇಳಿದ್ದಾಳೆಯೇ, ಇಬ್ಬರೂ ಸೇರಿ ನಕ್ಕಿದ್ದಾರೆಯೇ?

ಮೇಸ್ತ್ರೀ, ಕೊಡಿ ಇಲ್ಲಿ, ನಾನೊಂದ್ಸಲ ನೋಡ್ತೀನಿ, ಎಂದು ಟ್ರೈನರ್ ಹ್ಯಾಂಡಲಿಗೆ ಕೈ ಚಾಚಿದ, ಎಡಗೈ, ಮಣಿಕಟ್ಟಿನ ಸುತ್ತ ಬೆರಳಗಲದ ಬಿಳಿ ಪಟ್ಟಿ. ಮೇಸ್ತ್ರಿಯ ಕಣ್ಣು ತಾನಾಗಿ ಹ್ಯಾಂಡಲಿನ ಕೆಳಗೆ ಹೋಯಿತು, ಓಡಿಸುವವರು ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳುವ ಸುರುಳಿ ಹಗ್ಗ, ಅದರ ತುದಿಯ ಬಿಲ್ಲೆಯೇ ಗಾಡಿಯ ಕೀಲಿ, ಸವಾರ ಬಿದ್ದರೆ ಬಿಲ್ಲೆ ಕಿತ್ತು ಬಂದು ಇಂಜಿನ್ ನಿಲ್ಲುತ್ತದೆ, ಒಂದರ ಬಿಲ್ಲೆಗೆ ಇನ್ನೊಂದು ಗಾಡಿ ಓಗೊಡುವುದಿಲ್ಲ. ಹಳದಿ ಗಾಡಿಯದು ಕೆಂಪು ಹಗ್ಗ. ಇಲ್ಲಿ ನೇತಾಡುತ್ತಿರುವುದು ನೀಲಿ, ಬೇರೆ ಗಾಡಿಯದು. ಬೆಳಗಿನಿಂದ ಮೂಗಿನ ಮುಂದೆಯೇ ಇತ್ತು. ಕೆಂಪು ಹಗ್ಗ ಎಲ್ಲಯ್ಯಾ — ಅದೂ, ಎಲ್ಲೋ ಬಿತ್ತು ಮೇಸ್ತ್ರೀ — ಎಲ್ಲಿ ಬಿತ್ತು, ಯಾರ ಕೈಲಿತ್ತು, ಬೊಗಳು. ಟ್ರೈನರ್ ನೆಲ ನೋಡಿದ, ಅವನ ಹಲ್ಲು ಒಳಗೆ ಹೋದದ್ದನ್ನು ಮೇಸ್ತ್ರಿ ಮೊದಲ ಸಲ ಕಂಡ.

ಅವನನ್ನ ಯಾಕ್ರೀ ಗದರ್ತೀರಾ, ನಿನ್ನೆ ನನ್ನ ಕೈಯಲ್ಲೇ ಉಳಿದುಬಿಡ್ತು, ಹೇಳಬೇಡ ಅಂದಿದ್ದು ನಾನೇ. ಬಾಗಿಲಲ್ಲಿ ಅವಳು, ಚೀಲದಿಂದ ಕೆಂಪು ಹಗ್ಗ ತೆಗೆದು ಎಡಗೈಗೆ ಸಿಕ್ಕಿಸಿಕೊಂಡಳು, ಅದು ಬಿಳಿ ಪಟ್ಟಿಯ ಮೇಲೆ ತನ್ನ ಜಾಗ ಗೊತ್ತಿದ್ದಂತೆ ಕೂತಿತು. ಮೇಸ್ತ್ರಿ ಪ್ಲಗ್ ಹಾಕಿದ, ಪೈಪಿನ ನೀರು ಬಿಟ್ಟ, ಅವಳು ಬಿಲ್ಲೆ ಸಿಕ್ಕಿಸಿ ಗುಂಡಿ ಒತ್ತಿದಳು, ಒಂದೇ ಒತ್ತಿಗೆ ಗಾಡಿ ಗುಡುಗಿತು, ಅಷ್ಟು ಹೊತ್ತು ಅವನ ಮಾತು ಕೇಳದ್ದು. ನಿಮ್ಮನ್ನ ಕೇಳಿ ಕೇಳಿ ಸಾಕಾಯ್ತು, ದುಡ್ಡು ಕೊಟ್ಟು ಕಲಿತೆ, ಇವತ್ತು ಸಂಜೆ ಬನ್ನಿ, ನನ್ನ ಹಿಂದೆ ಕೂತ್ಕೊಳ್ಳಿ, ಬೀಳಿಸಲ್ಲ. ಬರೀ ಕಲಿತದ್ದಂತೆ, ನಂಬಿದ, ನಂಬಿದರೂ ಒಲೆ ಆರಲಿಲ್ಲ, ಈಗ ಉರಿ ಟ್ರೈನರ್ ಮೇಲಲ್ಲ, ಒಂದು ದಿನದ ಬಿಸಿಲಿಗೆ ಮೂಡುವ ಗುರುತಲ್ಲ ಅದು, ಎಷ್ಟೋ ಸಂಜೆ ಅವಳು ಅಲ್ಲಿ ದೂರ, ಗಾಳಿಗೆ ಬಾಯಿ ಬಿಟ್ಟು ನಗುತ್ತ, ಅವನು ಇಲ್ಲಿ ಗ್ರೀಸಿನಲ್ಲಿ, ತನ್ನ ಮಣಿಕಟ್ಟು ನೋಡಿಕೊಂಡ, ಮೊಣಕೈ ತನಕ ಒಂದೇ ಕಪ್ಪು, ಒಂದು ಗೆರೆಯಿಲ್ಲ, ಬರ್ತೀರಾ ಇಲ್ವಾ ಹೇಳಿ, ಅವಳು ಕೈ ಚಾಚಿದ್ದಾಳೆ, ಬರುತ್ತೇನೆ ಎನ್ನಬೇಕು, ನೀರು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ, ಚಾಚಿದ ಕೈಯಲ್ಲಿ ಕೆಂಪು ಹಗ್ಗ ಒಂದಿಷ್ಟು ಜಾರಿದೆ, ಅದರ ಕೆಳಗೆ, ಬೆರಳಗಲದ ಬಿಳಿ ಪಟ್ಟಿ