ಕೆಮ್ಮು ಯಾರದು

ಹುಡುಗಿಯ ಹುಬ್ಬಿನ ಮೇಲೆ ಒಂದೆಳೆ ಹತ್ತಿ ಕೂತಿದೆ, ಬಿಳಿಯದು, ಫ್ಯಾನಿನ ಗಾಳಿಗೆ ನಡುಗುತ್ತದೆ, ಹಾರುವುದಿಲ್ಲ, ತೆಗೆದುಬಿಡಲೇ ಅಂತ ದೇವಕ್ಕನ ಬೆರಳು ತುಡಿಯಿತು, ಅಂಗಿಗಳ ದಾರ ಕತ್ತರಿಸಿ ಕತ್ತರಿಸಿ ಬೆರಳಿಗೆ ಅಂಟಿದ ಚಾಳಿ, ಎಳೆ ಕಂಡಲ್ಲಿ ಹೋಗುವುದು — ಬೇಡ, ಆಕೆ ವಿಮೆಯವಳು, ಸವಿತಾ ಅಂತ ಹೆಸರು, ಗಾರ್ಮೆಂಟ್ಸಿನ ಊಟದ ಹಾಲಿನಲ್ಲಿ ಟೇಬಲ್ ಹಾಕಿಕೊಂಡು ಈ ತಿಂಗಳು ನಿವೃತ್ತಿಯಾಗುವವರನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಿದ್ದಾಳೆ, ನಿವೃತ್ತಿ ಅನ್ನುವ ಮಾತು ಎಷ್ಟು ಚೆಂದ, ಆಫೀಸರಿಗೆ ಹಾರ ಹಾಕಿ ಮಾಡುವಂಥದ್ದು, ತಮಗಾದರೆ ಗೇಟಿನಾಚೆ ಅಷ್ಟೇ, ಗೇಟಿನಾಚೆ ಹೋದ ದಿನವೇ ಕಂಪನಿ ಮಾಡಿಸಿದ್ದ ವಿಮೆಯೂ ಹೋಗುತ್ತದೆ, ಹೋದ ದೀಪಾವಳಿಯಲ್ಲಿ ಉಸಿರು ಕಟ್ಟಿ ಬಿದ್ದಾಗ ಆಸ್ಪತ್ರೆಯ ಬಾಗಿಲು ತೆರೆದದ್ದು ಆ ವಿಮೆಯ ಕಾರ್ಡಿನ ಮುಖಕ್ಕೆ, ದೇವಕ್ಕನ ಮುಖಕ್ಕಲ್ಲ, ಇನ್ನೊಂದು ಸಲ ಹಾಗಾದರೆ ಕಾರ್ಡು ಬೇಕು, ಇಲ್ಲವಾದರೆ ಆಸ್ಪತ್ರೆಯ ಮೆಟ್ಟಿಲ ಮೇಲೇ ಉಸಿರು ನಿಂತೀತು, ಅದಕ್ಕೇ ಬಂದು ಕೂತಿದ್ದಾಳೆ, ಹುಡುಗಿ ಕೇಳುತ್ತಿದೆ, ಬಿಪಿ ಇದೆಯಾ ಅಮ್ಮ, ಇಲ್ಲವ್ವಾ, ಕೆಮ್ಮು ದಮ್ಮು, ಇಲ್ಲ, ಮಂಡಿನೋವು, ಇಲ್ಲ, ಕಣ್ಣು, ಚಲೋ ಅದಾವ — ಬಾಯಿ ತಾನೇ ಹೇಳಿತು, ಕೆಲಸಕ್ಕೆ ಸೇರಿದಾಗಿನಿಂದ ಇದೊಂದೇ ಉತ್ತರ ಗೊತ್ತು ಅದಕ್ಕೆ, ಕೆಮ್ಮುವವಳನ್ನು ಲೈನಿನಿಂದ ಎಬ್ಬಿಸುತ್ತಾರೆ, ಸೆರಗು ಬಾಯಿಗಿಟ್ಟು ಕೆಮ್ಮಬೇಕು, ಕಣ್ಣು ಮಂಜಾದರೆ ದಾರವನ್ನು ಬೆರಳಲ್ಲಿ ತಡವಿ ಕತ್ತರಿಸಬೇಕು, ಸೂಪರ್‌ವೈಸರ್ ಕೇಳಿದರೆ ಆರಾಮ ಅದೀನ್ರೀ ಅನ್ನಬೇಕು. ಹುಡುಗಿ ತಲೆ ಎತ್ತಿ ಹಣೆಯ ಕುಂಕುಮ ನೋಡಿತು, ಕೊರಳ ತಾಳಿ ನೋಡಿತು, ನಿಮಗೊಬ್ಬರಿಗೇ ಮಾಡ್ಸೋದಾ ಅಮ್ಮ, ಅಥವಾ ಜೋಡಿನಾ, ಜೋಡಿ ಆದ್ರೆ ಅಂಕಲ್‌ಗೂ ಅದ್ರಲ್ಲೇ ಬರತ್ತೆ, ಕಂತು ಸ್ವಲ್ಪ ಜಾಸ್ತಿ.

ಜೋಡಿ, ಅಂದಳು ದೇವಕ್ಕ. ಪಕ್ಕದಲ್ಲಿ ಕೂತ ಶರಣಮ್ಮನ ಮೊಣಕೈ ಪಕ್ಕೆಗೆ ತಿವಿಯಿತು, ಒಂದೇ ಸೀಮೆಯವಳು, ಒಂದೇ ವಠಾರದವಳು, ಅವಳಿಗೆ ಎಲ್ಲಾ ಗೊತ್ತು, ದೇವಕ್ಕನ ಗಂಡ ಭರಮಪ್ಪ ಎರಕದ ಶೆಡ್ಡಿನಿಂದ ಬಂದು ವಠಾರದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದವನು, ರೊಟ್ಟಿ ತಟ್ಟುತ್ತಿದ್ದ ದೇವಕ್ಕನಿಗೆ ಕೇಳುವ ಹಾಗೆ ಬಂದ್ನಿ ತಡಿ ಅಂತ ಕೂಗಿ ಹೋದವನು, ನಲ್ಲಿ ಹಾಗೇ ಬಿಟ್ಟು ಹೋದವನು, ಆಮೇಲೆ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಕಂಡ ಅಂದರು, ಸಾಂಗ್ಲಿಯಲ್ಲಿ ಕಂಡ ಅಂದರು, ಆಮೇಲೆ ಯಾರೂ ಏನೂ ಅನ್ನಲಿಲ್ಲ, ಹನ್ನೆರಡು ವರ್ಷ ತುಂಬಿದಾಗ ಮೈದುನ ಗದಗಿನಿಂದ ಬಂದು ಕೂತ, ವೈನಿ, ಹುಲ್ಲಿನ ಗೊಂಬಿ ಮಾಡಿ ಅಣ್ಣನ ಹೆಸರ ಇಟ್ಟು ಸುಟ್ಟಬಿಡೋಣ, ಶಾಸ್ತ್ರ ಐತಿ, ಇಲ್ಲಾಂದ್ರ ಅವಗೂ ನೆಲಿ ಇಲ್ಲ ನಿಮಗೂ ಇಲ್ಲ, ದೇವಕ್ಕ ಅವನಿಗೆ ಊಟ ಹಾಕಿ ಬಸ್ ಹತ್ತಿಸಿದಳು, ಹುಲ್ಲಿಗೆ ನನ್ನ ಗಂಡನ ಹೆಸರ ಇಡಬ್ಯಾಡ್ರಿ ಅಂದಳು, ಅಷ್ಟೇ — ಅವರ ವಯಸ್ಸು, ಅಂತ ಹುಡುಗಿ, ಹೋದಾಗ ನಲವತ್ತೊಂದು, ಮನಸ್ಸಿನಲ್ಲಿ ಇವತ್ತಿಗೂ ನಲವತ್ತೊಂದೇ, ಅರವತ್ತಮೂರು ಅಂದಳು, ಅಂದಿದ್ದೇ ತಡ ಹಾಲಿನ ಆ ಕೊನೆಯಲ್ಲಿ ಕೈ ತೊಳೆಯುವ ನಲ್ಲಿಗಳ ಸಾಲಿನಲ್ಲಿ ಒಂದರಿಂದ ನೀರು ಬಿಟ್ಟ ಸಪ್ಪಳ, ಊಟದ ಗಂಟೆ ಮುಗಿದು ಎಲ್ಲ ಲೈನಿಗೆ ಹೋಗಿದ್ದಾರೆ, ಯಾರಿದು, ಬೆನ್ನು ಮಾತ್ರ ಕಾಣುತ್ತದೆ, ನೆರೆತ ತಲೆ, ಕೈ ನೀರಿಗೊಡ್ಡಿ ನಿಂತಿದ್ದಾನೆ, ಕೈಯ ಮೇಲೆ ಬಿದ್ದ ನೀರಿನ ಸಪ್ಪಳವೇ ಬೇರೆ, ಮೆತ್ತಗೆ, ಕಲ್ಲಿನ ಮೇಲೆ ಬಿದ್ದದ್ದು ಬೇರೆ, ವಠಾರದಲ್ಲಿ ರೊಟ್ಟಿ ತಟ್ಟುತ್ತಲೇ ಗೊತ್ತಾಗುತ್ತಿತ್ತು ಇವನು ತೊಳೆಯುತ್ತಿದ್ದಾನೋ ಹೋದನೋ ಅಂತ. ಬಿಪಿ ಇದೆಯಾ ಅವರಿಗೆ, ಗೊತ್ತಿಲ್ಲ ಅನ್ನಬೇಕಿತ್ತು, ಐತವ್ವಾ ಅಂದಳು, ಮಂಡಿನೋವು, ಐತಿ, ಎಡಗಾಲಿಂದು, ಮೆಟ್ಟಲಾ ಏರಾಕಾಗೂದಿಲ್ಲ — ನಲ್ಲಿಯ ಬಳಿಯ ಬೆನ್ನು ಬಲಗಾಲಿಗೆ ಭಾರ ಬಿಟ್ಟು ವಾಲಿತು — ಕಣ್ಣು, ಪೊರಿ ಬಂದಾವ, ಆ ತಲೆ ನೀರಿನ ಹತ್ತಿರ ಬಗ್ಗಿ ಕೈಯನ್ನು ಹುಡುಕುವ ಹಾಗೆ ನೋಡಿತು, ಉಸಿರಾಟದ ತೊಂದರೆ, ಕೆಮ್ಮು ಐತಿ, ನಸುಕಿನಾಗ ಹಿಡದ್ರ ಬಿಡೂದಿಲ್ಲ, ಮತ್ತು ಅವನು ಕೆಮ್ಮಿದ, ಗೋಡೆಯ ಕಡೆ ಮುಖ ಮಾಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡವರು ಕೆಮ್ಮುವ ಹಾಗೆ ಸಣ್ಣಗೆ, ಗಂಡಸಿಗೆಲ್ಲಿಂದ ಬಂತು ಸೆರಗು, ಆದರೂ ದೇವಕ್ಕನ ಬಾಯಿ ನಿಲ್ಲಲಿಲ್ಲ, ಇನ್ನೇನಾದ್ರೂ ಅಂತ ಹುಡುಗಿ ಕೇಳುವುದೇ ಸಾಕು, ನಿದ್ದಿ ಬರೂದಿಲ್ಲವ್ವಾ ಅವಗ, ಎದ್ದು ಬಾಗಲಾ ನೋಡ್ಕೊಂತ ಕುಂತಬಿಡತಾನ.

ಇಷ್ಟೆಲ್ಲಾ ಇದ್ರೆ ಅಂಕಲ್ ಚೆಕಪ್‌ಗೆ ಬರ್ಲೇಬೇಕಮ್ಮ, ರಕ್ತ, ಇಸಿಜಿ, ಎಲ್ಲಾ ನೋಡ್ತಾರೆ, ಶನಿವಾರ ಕರ್ಕೊಂಡ್ ಬನ್ನಿ, ಅಂದಳು ಸವಿತಾ. ಯಾರನ್ನ ಕರಕೊಂಡ ಬರತಾಳ, ಗಾಳೀನ? ಶರಣಮ್ಮ ನಕ್ಕುಬಿಟ್ಟಳು, ಬೇಕಾದ್ರ ನನ್ನ ಗಂಡನ್ನ ಒಯ್ಯಿ ಯಕ್ಕಾ, ಶುಗರ್ ಒಂದು ಪುಗಸಟ್ಟೆ ಬರತೈತಿ, ತಿರುಗಿ ಕೊಡೂದೇನ್ ಬ್ಯಾಡ, ಆಮೇಲೆ ನಗು ನಿಂತು ಅವಳ ದನಿ ಕೆಳಗಿಳಿಯಿತು, ಯಕ್ಕಾ, ಏನ್ ಮಾಡಾಕತ್ತೀದಿ, ಆ ಮಂಡಿ ನಿಂದಲ್ಲೇನ, ಆ ಕೆಮ್ಮು ನಿಂದಲ್ಲೇನ, ಗ್ವಾಡಿ ಆಚೆ ದಿನಾ ನಾನ ಕೇಳ್ತೀನಲ್ಲ, ಎಲ್ಲಾ ಅವಗ ಕೊಟ್ಟು ನಿಂಗೇನೂ ಇಲ್ಲಂದ್ಯಲ್ಲ. ಹುಡುಗಿಗೆ ಗಾಬರಿಯಾಯಿತು, ಹತ್ತಿಯ ಎಳೆ ಹುಬ್ಬಿನಿಂದ ಎಲ್ಲೋ ಹೋಗಿದೆ, ಅಮ್ಮಾ ನೋಡಿ, ಇರೋ ಕಾಯಿಲೆ ಈಗ್ಲೇ ಹೇಳ್ಬಿಡಿ, ಒಂದೆರಡು ವರ್ಷ ಆ ಕಾಯಿಲೆಗೆ ದುಡ್ಡು ಕೊಡಲ್ಲ, ಆಮೇಲೆ ಕೊಡ್ತಾರೆ, ಮುಚ್ಚಿಟ್ರೆ ಮಾತ್ರ ನಾಳೆ ಆಸ್ಪತ್ರೆಲಿ ಮಲಗಿದಾಗ ಇದು ಹಳೇದು ಅಂತ ಕೈ ಎತ್ಬಿಡ್ತಾರೆ, ಕಂತು ಕಟ್ಟಿದ್ದೂ ದಂಡ, ಒಬ್ಬರ ಕಾಯಿಲೆ ಇನ್ನೊಬ್ಬರ ಹೆಸರಲ್ಲಿ ನಡೆಯಲ್ಲ. ನಡೆಯಲ್ಲ. ಹಾಗಾದರೆ ಕೆಮ್ಮು ಬೇಕು, ದೀಪಾವಳಿಯ ಉಸಿರು ಬೇಕು, ಬದುಕಬೇಕಾದರೆ ತನ್ನದನ್ನು ತಾನು ಹೊರಬೇಕು, ಆದರೆ ಹೇಗೆ ಕಿತ್ತುಕೊಳ್ಳುವುದು ಅಲ್ಲಿ ನಿಂತವನ ಮೈಯಿಂದ, ಹುಲ್ಲು ಬೇಡವೆಂದವಳು ತನ್ನ ನೋವುಗಳನ್ನೇ ಕಟ್ಟಿ ಕಟ್ಟಿ ನಿಲ್ಲಿಸಿದ್ದಾಳಲ್ಲ — ಆ ಮಂಡಿ ನಂದವ್ವಾ, ಅಂದಳು, ನಲ್ಲಿಯ ಬಳಿ ವಾಲಿದ್ದ ಬೆನ್ನು ನೆಟ್ಟಗಾಯಿತು, ಬಿಪಿನೂ ನಂದ, ಕಣ್ಣೂ ನಂದ, ನೆರೆತ ತಲೆ ಕತ್ತಿನ ಕಡೆಯಿಂದ ಕಪ್ಪಾಗುತ್ತ ಬಂತು, ಸಾಯುವವರು ಮುದುಕರಾಗುತ್ತಾರೆ ಅಂತ ಕೇಳಿದ್ದಳು, ಇವನು ಹರೆಯಕ್ಕೆ ಹೋಗುತ್ತಿದ್ದಾನೆ, ಕೆಮ್ಮು ಯಾರದು ಅಮ್ಮ, ನಂದು, ಮತ್ತು ಅದು ಬಂತು, ಎದೆಯೊಳಗೆ ಒಮ್ಮೆಗೇ, ತಿರುಗಿ ಮನೆಗೆ ಬಂದ ದನದ ಹಾಗೆ ನುಗ್ಗಿ ಬಂತು, ಸೆರಗು ಹುಡುಕಲಿಲ್ಲ, ಬಾಯಿ ಬಿಟ್ಟು ಕೆಮ್ಮಿದಳು, ಟೇಬಲ್ ಅಲುಗುವಂತೆ, ಈ ಹಾಲಿನಲ್ಲಿ ಮೊದಲ ಸಲ ಗಟ್ಟಿಯಾಗಿ, ಶರಣಮ್ಮನ ಕೈ ಬೆನ್ನ ಮೇಲೆ ಆಡುತ್ತಿದೆ, ಮಂಜುಗಣ್ಣಿಗೆ ದೂರದ ನಲ್ಲಿ ಮಾತ್ರ ಯಾಕಿಷ್ಟು ಚೊಕ್ಕ ಕಾಣುತ್ತಿದೆ, ಅಲ್ಲಿ ಎರಕದ ಮಸಿ ಹತ್ತಿದ ಎರಡು ಕೈ, ನಲವತ್ತೊಂದರ ಕೈ, ಉಗುರಿನ ಸಂದಿಯ ಕಪ್ಪು ಸಹಿತ, ನೀರು ಮೆತ್ತಗೆ ಬೀಳುತ್ತಿದೆ ಅವುಗಳ ಮೇಲೆ, ತೊಳಿ, ಇನ್ನೊಂದೀಟು ತೊಳಿ, ಇನ್ನೂ ಹೋಗಿಲ್ಲ ಮಸಿ — ನಿದ್ದೆ ಬರಲ್ಲ ಅಂದ್ರಲ್ಲ, ಬಾಗಿಲು ನೋಡ್ತಾ ಕೂರೋದು, ಅದೂ ನಿಮ್ದೇನಾ ಅಮ್ಮ, ಹುಡುಗಿಯ ದನಿ ಈಗ ಬಹಳ ಮೆಲ್ಲಗಿದೆ, ಅದೊಂದನ್ನು ಬಿಡಬಹುದಿತ್ತು ಅವನಿಗೆ, ಅದೊಂದರ ಮೇಲೆ ನಿಂತುಕೊಂಡಿರುತ್ತಿದ್ದ, ಅದಕ್ಕೇನು ಆಸ್ಪತ್ರೆಯವರು ದುಡ್ಡು ಕೇಳುತ್ತಾರೆಯೇ, ಆದರೆ ಅಷ್ಟು ವರ್ಷ ಕೂತದ್ದು ಯಾರು, ಕೂತದ್ದು ನಾನು, ಹೌದವ್ವಾ ಅಂದಳು ದೇವಕ್ಕ, ಅದೂ ನಂದ, ಒಬ್ಬಾಕಿಗೇ ಬರಕೋ — ನೀರಿನ ಸಪ್ಪಳ ಬದಲಾಯಿತು, ಗಟ್ಟಿಯಾಯಿತು, ನಡುವೆ ಕೈ ಇಲ್ಲ, ನೀರು ನೆಟ್ಟಗೆ ಕಲ್ಲಿನ ಮೇಲೆ, ಕಲ್ಲಿನ ಮೇಲೆ ನೀರು, ಕಲ್ಲಿನ ಮೇಲೆ