ಸೂರ್ಯನಿಗೆ ಬೆನ್ನು

ಒಬರ್ಟನ್ ಊರಿನಲ್ಲಿ ನದಿಗೆ ಮುಖ ಮಾಡಿದ ಮನೆಗಳನ್ನು ಕಟ್ಟಿ ಮಾರಿಯೇ ಹಾರ್ಲನ್ ವಾಯ್ಟ್ ದೊಡ್ಡ ಕುಳವಾದದ್ದು. ಸೂರ್ಯ ನದಿಗಿಳಿಯುವುದು ಕಿಟಕಿಯಿಂದ ಕಂಡರೆ ಸಾಕು, ಗಿರಾಕಿ ಅಡುಗೆಮನೆಯನ್ನೂ ನೋಡದೆ ಸಹಿ ಹಾಕುತ್ತಾನೆ ಎಂಬುದು ಅವನ ಅನುಭವ. ಅರವತ್ತಕ್ಕೆ ಊರಿನ ಬೇಸ್‌ಬಾಲ್ ತಂಡವನ್ನು ಕೊಂಡಾಗ ಹೊಸ ಮೈದಾನವನ್ನೂ ಹಾಗೇ ಕಟ್ಟಿಸಿದ. ಪ್ರೇಕ್ಷಕರ ಮುಖ ಪಶ್ಚಿಮಕ್ಕೆ. ಅವರ ಮುಂದೆ ನಿಲ್ಲುವ ಬ್ಯಾಟುಗಾರನ ಮುಖವೂ ಅತ್ತಲೇ.

"ಬ್ಯಾಟ್ ಹಿಡಿದೋನು ಪೂರ್ವಕ್ಕೆ ನೋಡ್ಬೇಕು ಹಾರ್ಲನ್. ನಮ್ಮಜ್ಜನ ಕಾಲದಿಂದ್ಲೂ ಹಾಗೇ," ಎಂದು ಮೈದಾನ ನೋಡಿಕೊಳ್ಳುವ ಮುದುಕಿ ನೇಡೀನ್ ಮೊದಲೇ ಹೇಳಿದ್ದಳು.

"ನೀನು ಹುಲ್ಲು ನೋಡ್ಕೊ," ಎಂದು ಅವಳ ಬಾಯಿ ಮುಚ್ಚಿಸಿದ್ದ. ದುಡ್ಡಿದ್ದವರಿಗೆ ದಿಕ್ಕು ತೋರಿಸುವುದು ಯಾರಿಂದಾದೀತು?

ಮೊದಲ ಪಂದ್ಯದ ದಿನ ಸಂಜೆ ಏಳೂವರೆಗೆ ಸೂರ್ಯ ಸರಿಯಾಗಿ ಚೆಂಡೆಸೆಯುವವನ ಹೆಗಲ ಮೇಲೆ ಬಂದು ಕೂತ. ಬ್ಯಾಟ್ ಹಿಡಿದು ನಿಂತಿದ್ದ ತಂಡದ ಆಟಗಾರ ಎಮೆಟ್ ಪಾರ್ಡಿಗೆ ಚೆಂಡು ಕಾಣಲೇ ಇಲ್ಲ. ಅದು ಬಡಿದು ಕೆನ್ನೆಯ ಮೂಳೆ ಮುರಿಯಿತು.

ಲೀಗಿನವರು ಆರು ವಾರದ ಗಡುವು ಕೊಟ್ಟರು. ಅಷ್ಟರೊಳಗೆ ಸರಿಯಾಗದಿದ್ದರೆ ತಂಡ ಬೇರೆ ಊರಿನ ಪಾಲು.

"ಆ ಹೊತ್ತಲ್ಲಿ ಇಪ್ಪತ್ತು ನಿಮಿಷ ಆಟ ನಿಲ್ಲಿಸಿದ್ರಾಯ್ತು ಸಾರ್," ಎಂದ ಎಂಜಿನಿಯರು.

ಸೂರ್ಯ ಇಳಿಯುವ ಹೊತ್ತಿಗೆ ಹಾರ್ಲನ್ ಎಮೆಟ್ ಬಿದ್ದ ಜಾಗದಲ್ಲಿ ಹೋಗಿ ನಿಂತ. ಕಣ್ಣಿಗೆ ಬೆಂಕಿ ಬಿಟ್ಟರೆ ಏನೂ ಕಾಣಲಿಲ್ಲ. ನಾಚಿಕೆಯಿಂದ ಅವನ ಮೈ ಹಿಡಿಯಾಯಿತು.

"ಮೈದಾನ ತಿರುಗ್ಸಿ," ಎಂದ.

"ಸೀಟುಗಳು?"

"ಸೀಟು ಅಲ್ಲೇ ಇರ್ಲಿ. ಆಟ ತಿರುಗ್ಲಿ."

ಹೊಸ ಹುಲ್ಲನ್ನು ಕಿತ್ತರು. ನದಿಯ ಕಡೆ ಬೇಲಿಯಿದ್ದಲ್ಲಿ ಬ್ಯಾಟುಗಾರನ ಜಾಗ ಬಂತು, ಅದರ ಹಿಂದೆ ಮರದ ಬೆಂಚುಗಳು. ಹಳೆಯ ಗ್ಯಾಲರಿ ಈಗ ಮೈದಾನದ ಆಚೆ ತುದಿ. ಬಿಳಿ ಚೆಂಡು ಕಾಣಬೇಕಾದರೆ ಎದುರಿಗೆ ಕಪ್ಪು ಬೇಕೆಂದು ನೇಡೀನ್ ಅದರ ನಟ್ಟನಡುವಿನ ಸೀಟುಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸಿದಳು. ನದಿ ನೋಡುತ್ತ ಕೂರಲೆಂದು ಹಾರ್ಲನ್ ಅಲ್ಲೇ ಕಟ್ಟಿಸಿಕೊಂಡಿದ್ದ ಗಾಜಿನ ಕೋಣೆಯೂ ಮುಚ್ಚಿಹೋಯಿತು.

"ಅಯ್ಯೋ ಪಾಪ, ನಿನ್ನ ನದಿ ಹೋಯ್ತಲ್ಲೋ," ಎಂದಳು.

"ಎಳಿ, ಇನ್ನೂ ಬಿಗಿಯಾಗಿ ಎಳಿ."

ಗಡುವಿನ ಕೊನೆಯ ದಿನ ಏಳೂವರೆಗೆ ಲೀಗಿನ ತಪಾಸಣೆಯವನು ಬಂದ. ಎಮೆಟ್ ಬ್ಯಾಟ್ ಹಿಡಿದವನು ಬ್ಯಾಟುಗಾರನ ಜಾಗದ ಗೆರೆಯಾಚೆಯೇ ನಿಂತುಬಿಟ್ಟ. ಅವನೇ ನಿಲ್ಲದ ಮೇಲೆ ಉಳಿದ ಆಟಗಾರರು ನಿಲ್ಲುವುದುಂಟೇ?

"ಕಟ್ಸಿದೋರು ನೀವು. ಮೊದ್ಲು ನೀವೇ ನಿಂತ್ಕೊಳಿ ಸಾರ್," ಎಂದ.

ಹಾರ್ಲನ್ ಕೋಟು ಕಳಚಿ ಹೆಲ್ಮೆಟ್ ಹಾಕಿಕೊಂಡ. ಮೊದಲ ಚೆಂಡಿಗೇ ಕಣ್ಣು ಮುಚ್ಚಿ ಧೂಳಿನಲ್ಲಿ ಕುಕ್ಕರಿಸಿದ. ಬೆಂಚುಗಳಲ್ಲಿ ನಗು ಎದ್ದಿತು. ಧೂಳು ಕೊಡವಿಕೊಂಡು ಎದ್ದ.

"ಇನ್ನೊಂದು ಎಸಿ. ಕೈ ಹಗುರ ಮಾಡ್ಬೇಡ."

ಈ ಸಲ ಕಣ್ಣು ಬಿಟ್ಟುಕೊಂಡೇ ನಿಂತ. ಕಪ್ಪು ಬಟ್ಟೆಯ ಮುಂದೆ ಚೆಂಡು ಎಸೆಯುವವನ ಕೈ ಬಿಟ್ಟಿದ್ದು, ತಿರುಗಿದ್ದು, ಎದೆಯ ಮುಂದೆ ಹಾದುಹೋದದ್ದು ಎಲ್ಲ ನಿಚ್ಚಳವಾಗಿ ಕಂಡಿತು.

"ಕಾಣ್ತಾ?" ಎಂದ ಎಮೆಟ್.

"ಕಾಣ್ತು. ಅದರ ಹೊಲಿಗೆಯ ಕೆಂಪು ದಾರಾನೂ ಕಾಣ್ತು. ಇನ್ನೂ ನಾಕು ಎಸೀಲಿ, ನಿಂತಿರ್ತೀನಿ."

ಎಮೆಟ್ ಒಮ್ಮೆ ಕೆನ್ನೆ ಮುಟ್ಟಿಕೊಂಡು ಗೆರೆ ದಾಟಿ ಒಳಗೆ ಬಂದ.

"ಆಚೆ ಸರೀರಿ ಸಾರ್. ಅದು ನನ್ ಜಾಗ."